ಉಂಡ ಮನೆಯ ಜಂತೆ

ಉಂಡ ಮನೆಯ ಜಂತೆ ಎಣಿಸಬಾರದೆಂಬುದು ಹಿರಿಯರ ಮಾತು. ಆದರೆ ಪ್ರವಾಸಕಥನ ಬರೆಯುವವನ ಕಸುಬೇ ಜಂತೆ ಎಣಿಸುವುದು. ಪರದೇಶದಲ್ಲಿ ಯಾರದೋ ಮನೆಯಲ್ಲಿ ಇಳಿದು, ಅವರ ಅನ್ನ ಉಂಡು, ಅವರ ಹಾಸಿಗೆಯಲ್ಲಿ ಮಲಗಿ, ಊರಿಗೆ ಮರಳಿದ ಮೇಲೆ ಆ ಮನೆಯ ಮಾತನ್ನು ಅಚ್ಚಿಗೆ ಕೊಡಬೇಕು. ಎಷ್ಟು ಹೇಳಬೇಕು, ಎಷ್ಟು ಬಿಡಬೇಕು? ಈ ತೊಡಕನ್ನು ಲೇಖಕ ಹೇಗೆ ಬಿಡಿಸಿಕೊಂಡನೆಂಬುದು ಪ್ರವಾಸ ಸಾಹಿತ್ಯದ ಬೆಲೆ ಕಟ್ಟುವಾಗ ಕೇಳಲೇಬೇಕಾದ ಪ್ರಶ್ನೆ. ನಮ್ಮಲ್ಲಿ ಅದನ್ನು ಕೇಳಿದವರು ಕಡಿಮೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ವಾಚಕರಿಗಾದರೋ ಈ ಪ್ರಶ್ನೆ ತಾನಾಗಿ ಹೊಳೆಯುತ್ತದೆ. ಇಲ್ಲಿ ಊರೆಂದರೆ ಎಷ್ಟೋ ಕಡೆ ನಾಲ್ಕೈದು ಮನೆ. ಮನೆಯಿಂದ ಮನೆಗೆ ನಡುವೆ ತೋಟ, ಬೆಟ್ಟ, ಹಳ್ಳ. ಹೊತ್ತು ಮುಳುಗಿದ ಮೇಲೆ ಬಂದವನು ಹಿಂದಿರುಗುವ ಮಾತಿಲ್ಲ. ಕಾಲಿಗೆ ನೀರು, ಆಸರಿಗೆ ಬೆಲ್ಲ, ಮುಂದೆ ಕವಳದ ಬಟ್ಟಲು. ಆಮೇಲೆ ಯಾರು, ಎತ್ತ ಎಂಬ ವಿಚಾರಣೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಬಂದಾಗ ಶಿರಸಿ ಪೇಟೆಯ ಮನೆಗಳಲ್ಲಿ ಕಾಲಿಡಲು ತೆರಪಿರುವುದಿಲ್ಲ. ಹೀಗೆ ಬಡಿಸಿ ರೂಢಿಯಿದ್ದವರು ಪ್ರವಾಸದ ಪುಸ್ತಕ ಹಿಡಿದರೆ ಕೋಟೆ ಕೊತ್ತಲಗಳ ವರ್ಣನೆಯನ್ನು ಓದುತ್ತಲೇ ಇನ್ನೊಂದನ್ನು ಹುಡುಕುತ್ತಾರೆ. ಈತನಿಗೆ ಅಡಿಗೆ ಮಾಡಿ ಹಾಕಿದವರಾರು? ರಾತ್ರಿ ಪಾತ್ರೆ ತೊಳೆದವರಾರು?

ಕನ್ನಡದ ಪ್ರವಾಸ ಸಾಹಿತ್ಯ ಬಡವಾದುದಲ್ಲ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, ನಮ್ಮ ಜಿಲ್ಲೆಯ ಹೊನ್ನಾವರದವರೇ ಆದ ಕೃಷ್ಣಾನಂದ ಕಾಮತರ ‘ನಾನೂ ಅಮೇರಿಕೆಗೆ ಹೋಗಿದ್ದೆ’, ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ ಪಡೆದ ಗೊರೂರರ ‘ಅಮೆರಿಕದಲ್ಲಿ ಗೊರೂರು’ ಒಂದೊಂದೂ ಒಂದೊಂದು ಬಗೆಯ ಕಣ್ಣು. ಗೊರೂರರು ಹಳ್ಳಿಯ ಕಣ್ಣನ್ನು ಕಳಚಿಡದೆ ಅಮೆರಿಕವನ್ನು ಕಂಡವರು. ಆದ್ದರಿಂದ ಮನೆಮಾತಿನ ಬಿಸುಪು ಅವರಲ್ಲಿ ಉಳಿದಿದೆ. ಆದರೆ ಒಟ್ಟು ಪ್ರಕಾರವನ್ನು ತೆಗೆದುಕೊಂಡರೆ, ನಮ್ಮ ಪ್ರವಾಸಿಗನಿಗೆ ಕಟ್ಟಡಗಳ ಮೇಲಿದ್ದ ಆಸ್ಥೆ ಒಲೆಯ ಮೇಲಿಲ್ಲ. ಆತಿಥೇಯರಿಗೆ ಮುನ್ನುಡಿಯಲ್ಲಿ ಒಂದು ಸಾಲಿನ ವಂದನೆ, ಒಳಗೆ ಆದರದಿಂದ ಸತ್ಕರಿಸಿದರೆಂಬ ಒಂದು ಮಾತು. ಅಲ್ಲಿಗೆ ಋಣ ತೀರಿತು. ಜಂತೆ ಎಣಿಸಬಾರದೆಂಬ ಸಂಕೋಚ ಇದಕ್ಕೆ ಕಾರಣವಾದರೆ ಅದು ಮೆಚ್ಚತಕ್ಕದ್ದೇ. ನೋಡಿಯೇ ಇಲ್ಲವೆಂದಾದರೆ ಅದು ದೋಷ.

ಪರದೇಶದವರು ನಮ್ಮ ಕಡೆ ಬಂದಾಗ ಕಂಡದ್ದೇನು? ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ೧೬೨೩ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೋದ. ದಾರಿಯಲ್ಲಿ ಅವನಿಗೆ ಒದಗಿದ ತಂಗುದಾಣ ಗುಡಿಯ ಮೊಗಸಾಲೆ. ಅಲ್ಲಿ ಹುಡುಗರು ಮರಳ ಮೇಲೆ ಬೆರಳಿನಿಂದ ಬರೆದು, ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುವುದನ್ನು ಕಂಡು ಬರೆದಿಟ್ಟ. ಸಗಣಿ ಸಾರಿಸಿದ ನೆಲ ಅವನಿಗೆ ಎಷ್ಟು ಹಿಡಿಸಿತೆಂದರೆ ಇಟಲಿಯಲ್ಲಿಯೂ ಮಾಡಿಸಿ ನೋಡಬೇಕೆಂದುಕೊಂಡ. ಇಂಥ ಕುತೂಹಲ ಇರುವುದರಿಂದಲೇ ನಾಲ್ಕು ನೂರು ವರ್ಷವಾದರೂ ಅವನ ಪತ್ರಗಳು ಹಳಸಿಲ್ಲ. ಆದರೆ ಅವನ ಗಮನ ಆ ನೆಲದ ಮೇಲೆ ನಿಂತಷ್ಟು ಅದನ್ನು ಸಾರಿಸಿದ ಕೈಯ ಮೇಲೆ ನಿಲ್ಲಲಿಲ್ಲ. ತಪ್ಪು ಅವನೊಬ್ಬನದಲ್ಲ. ಪರಧರ್ಮದವನನ್ನು ಮೊಗಸಾಲೆಯಲ್ಲಿ ನಿಲ್ಲಿಸಿದ್ದು ನಮ್ಮ ಮಡಿ. ಒಳಗೆ ಕರೆಯದೆ ಒಳಗಿನದನ್ನು ಬರೆಯಲಿಲ್ಲವೆಂದು ದೂರುವುದು ನ್ಯಾಯವಲ್ಲ.

೧೮೦೧ರಲ್ಲಿ ಯಲ್ಲಾಪುರ, ಸೋಂದೆ, ಶಿರಸಿಗಳನ್ನು ಹಾದು ಹೋದ ಫ್ರಾನ್ಸಿಸ್ ಬುಕಾನನ್ ಬೇರೆಯೇ ತರದವನು. ಟಿಪ್ಪುವಿನ ಪತನದ ಬಳಿಕ ಕಂಪನಿ ಸರಕಾರ ಸೀಮೆಯ ಉತ್ಪನ್ನ ವಿಚಾರಿಸಲು ಕಳಿಸಿದ ವೈದ್ಯ. ೧೮೦೭ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಅವನ ಗ್ರಂಥದಲ್ಲಿ ನಮ್ಮ ಅಡಿಕೆ, ಮೆಣಸು, ಏಲಕ್ಕಿಗಳ ವಿವರವಿದೆ. ಹವ್ಯಕರು ತಮ್ಮ ತೋಟದಲ್ಲಿ ತಾವೇ ಮೈಮುರಿದು ದುಡಿಯುತ್ತಾರೆಂಬ ಮಾತೂ ಇದೆ. ಇತಿಹಾಸಕಾರನಿಗೆ ಅದು ಕಣಜ. ಆದರೂ ಅದು ಅತಿಥಿಯ ಬರವಣಿಗೆಯಲ್ಲ, ಅಧಿಕಾರಿಯದು. ಒಬ್ಬರ ಋಣದಲ್ಲಿ ಬೀಳದವನಿಗೆ ಅವರ ತೋಟದ ಲೆಕ್ಕ ಸಿಕ್ಕೀತು, ಅವರ ಮನೆ ಸಿಕ್ಕಲಾರದು.

ಹಾಗಾದರೆ ಎರಡೂ ಕಡೆಯ ಮಾತು ದಾಖಲಾದುದು ಎಲ್ಲಿಯೂ ಇಲ್ಲವೇ? ಉಂಟು. ೧೮೯೨ರ ಅಕ್ಟೋಬರಿನಲ್ಲಿ ವಿವೇಕಾನಂದರು ಬೆಳಗಾವಿಗೆ ಬಂದು ಮೊದಲು ವಕೀಲ ಭಾಟೆಯವರ ಮನೆಯಲ್ಲಿಯೂ ಆಮೇಲೆ ಅರಣ್ಯಾಧಿಕಾರಿ ಹರಿಪದ ಮಿತ್ರರಲ್ಲಿಯೂ ಇಳಿದರು. ಇಬ್ಬರ ಮನೆಯಿಂದಲೂ ನೆನಪುಗಳು ಬಂದಿವೆ. ವಕೀಲರ ಮಗ ಮುಂದೆ ಪ್ರಾಧ್ಯಾಪಕರಾಗಿ ಬರೆದುದರಲ್ಲಿ ಒಂದು ಸಂಗತಿಯಿದೆ: ಊಟವಾದ ಮೇಲೆ ಸಂನ್ಯಾಸಿ ಎಲೆಯಡಿಕೆ ಕೇಳಿದರಂತೆ, ಹೊಗೆಸೊಪ್ಪನ್ನೂ ಕೇಳಿದರಂತೆ, ಮನೆಮಂದಿ ದಂಗಾದರಂತೆ. ಕವಳವಿಲ್ಲದೆ ಮಾತೇ ಹುಟ್ಟದ ನಮ್ಮ ಸೀಮೆಯವರು ಇದನ್ನೋದಿ ನಗದಿರಲಾರರು. ಮಹಾಪುರುಷರ ಚರಿತ್ರೆಗಳು ಬಿಟ್ಟುಬಿಡುವ ಇಂಥ ವಿವರವನ್ನು ಉಳಿಸುವವರು ಬಡಿಸಿದವರೇ.

ಮರುವರ್ಷ ಅಮೆರಿಕದಲ್ಲಿ ಅವರನ್ನು ತನ್ನ ಹೊಲಮನೆಗೆ ಕರೆದ ಕೇಟ್ ಸ್ಯಾನ್‌ಬಾರ್ನ್ ಸ್ವತಃ ಲೇಖಕಿ. ೧೮೯೪ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಈ ಅತಿಥಿಯನ್ನು ಕುರಿತು ಬರೆದಳು. ಅತಿಥಿಯೂ ಸುಮ್ಮನಿರಲಿಲ್ಲ. ಮದರಾಸಿನ ಅಳಸಿಂಗ ಪೆರುಮಾಳರಿಗೆ ಬರೆದ ಪತ್ರದಲ್ಲಿ ತಮಗೆ ದಿನಕ್ಕೊಂದು ಪೌಂಡಿನ ಖರ್ಚು ಉಳಿಯುವುದನ್ನೂ, ಆಕೆಗೆ ಭಾರತದ ಒಂದು ವಿಚಿತ್ರ ವಸ್ತುವನ್ನು ಗೆಳೆಯರಿಗೆ ತೋರಿಸುವ ಲಾಭವಾಗುವುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಅದೇ ವಿವೇಕಾನಂದರು ಚಿಕಾಗೊದ ಹೇಲ್ ದಂಪತಿಗಳಿಗೆ ಮನೆಮಗನಾದರು. ಆ ಮನೆಯ ಹೆಣ್ಣುಮಕ್ಕಳಿಗೆ ಅಣ್ಣನಂತೆ ಪತ್ರ ಬರೆಯುತ್ತ ಬಂದರು. ಲೆಕ್ಕವೂ ಸತ್ಯ, ನಂಟೂ ಸತ್ಯ. ಎರಡನ್ನೂ ಒಂದೇ ಲೇಖನಿ ಹೇಳಬಲ್ಲುದಾದರೆ ಅದು ಪ್ರವಾಸ ಸಾಹಿತ್ಯದ ಎತ್ತರ.

ಈ ಮಾತು ಈಗ ನಮ್ಮ ಹೊಸ್ತಿಲಿಗೇ ಬಂದಿದೆ. ಮಾಗೋಡು, ಸಾತೊಡ್ಡಿ, ಉಂಚಳ್ಳಿಯ ಜಲಪಾತಗಳನ್ನೂ ಸಹಸ್ರಲಿಂಗವನ್ನೂ ನೋಡಬಂದವರನ್ನು ಅಡಿಕೆ ತೋಟದ ಮನೆಗಳು ಹಣ ಪಡೆದು ಇಳಿಸಿಕೊಳ್ಳುತ್ತಿವೆ. ಹೋಂಸ್ಟೇ ಎಂಬ ಹೆಸರು ಮನೆಮಾತಾಗಿದೆ. ಅನ್ನ ಮಾರುವ ಕಾಲ ಬಂತೆಂದು ಹಳಬರು ಕೊರಗುತ್ತಾರೆ. ಆ ಕೊರಗಿನಲ್ಲಿ ಅರ್ಧ ಸತ್ಯ ಮಾತ್ರ ಇದೆ. ಹಣ ತೆಗೆದುಕೊಳ್ಳದಿದ್ದ ಕಾಲದಲ್ಲಿ ಕೀರ್ತಿ ಜಗಲಿಯಲ್ಲಿ ಕೂತ ಯಜಮಾನನಿಗೆ, ದುಡಿತ ಒಳಗಿನವಳಿಗೆ. ಸರಿರಾತ್ರಿಯಲ್ಲಿ ಬಂದವನಿಗೆ ತಂಬುಳಿ ಕಡೆದವಳ ಹೆಸರು ಊರಿಗೆ ತಿಳಿಯುತ್ತಿರಲಿಲ್ಲ. ತೋಟದಲ್ಲಿ ದುಡಿದವರಿಗೆ ಅಂಗಳದಲ್ಲೇ ಬಡಿಸಿದ ಮನೆಗಳೂ ಇದ್ದವು. ಇಂದು ಸಾವಿರಾರು ಮೈಲಿಯಾಚೆಯವನು ನಡುಮನೆಯಲ್ಲಿ ಕೂತು ತೊಡದೇವು ಮೆಲ್ಲುವಾಗ ಈ ನೆನಪು ನಮ್ಮನ್ನು ಸ್ವಲ್ಪ ಕುಟುಕಬೇಕು. ದೂರದವನಿಗೆ ತೆರೆದ ಬಾಗಿಲು ನೆರೆಯವನಿಗೂ ತೆರೆದಿದೆಯೇ ಎಂಬುದೇ ಆತಿಥ್ಯದ ಒರೆಗಲ್ಲು.

ಹಣದಿಂದ ಹೋಗುವುದೂ ಒಂದುಂಟು. ಗಿರಾಕಿಯಾದವನಿಗೆ ಋಣವಿಲ್ಲ, ಋಣವಿಲ್ಲದವನು ನೆನಪನ್ನೂ ಹೊರಬೇಕಾಗಿಲ್ಲ. ಹೊರಡುವಾಗ ಅಭಿಪ್ರಾಯದ ಪುಸ್ತಕದಲ್ಲಿ ಊಟ ರುಚಿಯಾಗಿತ್ತು, ಜಾಗ ಚೊಕ್ಕಟವಾಗಿತ್ತು ಎಂದು ಎರಡು ಸಾಲು ಗೀಚಿದರೆ ಮುಗಿಯಿತು. ನಮ್ಮ ಪ್ರವಾಸಕಥನಗಳ ಒಂದು ಸಾಲಿನ ವಂದನೆಗೂ ಇದಕ್ಕೂ ಅಂತರ ಬಹಳವಿಲ್ಲ.

ಕನ್ನಡಕ್ಕೆ ಇನ್ನೊಂದು ಬಗೆಯ ಪುಸ್ತಕ ಬೇಕಾಗಿದೆ. ಹೊರಗೆ ಹೋಗಿ ಬಂದವನದಲ್ಲ, ಮನೆಯಲ್ಲಿದ್ದು ಜಗತ್ತನ್ನು ಬರಮಾಡಿಕೊಂಡವಳದು. ಯಾವ ದೇಶದವನು ಅಪ್ಪೆಹುಳಿಗೆ ಮುಖ ಕಿವಿಚಿದ, ಯಾರು ತಟ್ಟೆ ತಾವೇ ಎತ್ತಿಕೊಂಡು ಒಳಗೆ ಬಂದರು, ಯಾರು ಹೋದ ಮೇಲೂ ಪತ್ರ ಬರೆದರು, ಯಾರು ಇದ್ದಾಗಲೂ ಇರಲಿಲ್ಲ ಎಂಬುದೆಲ್ಲ ಆಕೆಗೆ ಗೊತ್ತು. ಅತಿಥಿ ಜಂತೆ ಎಣಿಸಿದ್ದಾನೆ. ಜಂತೆಯ ಕೆಳಗೆ ನಿಂತವಳು ಅತಿಥಿಯನ್ನು ಎಣಿಸಿದ್ದಾಳೆ. ಆ ಎಣಿಕೆ ಅಚ್ಚಾದ ದಿನ ನಮ್ಮ ಪ್ರವಾಸ ಸಾಹಿತ್ಯದ ಉಳಿದರ್ಧ ನಮ್ಮ ಕೈಗೆ ಬರುತ್ತದೆ.