ಫಿನ್ನಿನ ಮೇಲೇಕೆ ದೂರು?

ಸ್ಲಾಲಂ ವಾಟರ್ ಸ್ಕೀಯಿಂಗ್ ಮಾಡುವವರಲ್ಲಿ ಒಂದು ನಂಬಿಕೆ ಬೇರೂರಿದೆ: ಒಂದು ಬದಿಯ ತಿರುವು ಚೆನ್ನಾಗಿ ಬಂದು ಇನ್ನೊಂದು ಬದಿಯದು ಕೆಟ್ಟರೆ ತಪ್ಪು ಫಿನ್ನಿನದು. ಕೂಡಲೇ ಫಿನ್ ಸಡಿಲಿಸಲು ಅಲೆನ್ ಕೀ, ಅಳೆಯಲು ಕ್ಯಾಲಿಪರ್ ಹೊರಬರುತ್ತವೆ. ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ.

ಫಿನ್ ಎಂದರೆ ಸ್ಕೀಯ ಹಿಂತುದಿಯಲ್ಲಿ, ತಳದ ನಡುಗೆರೆಯ ಮೇಲೆ ನೆಟ್ಟಗೆ ಕೂರಿಸಿದ ತೆಳುವಾದ ಅಲಗು. ಅದಕ್ಕೆ ಎಡಬಲದ ಭೇದವಿಲ್ಲ. ಭೇದ ಇರುವುದು ಮೇಲೆ ನಿಂತವರ ಮೈಯಲ್ಲಿ. ಇರುವುದೊಂದೇ ಸ್ಕೀ, ಒಂದು ಪಾದ ಮುಂದೆ, ಇನ್ನೊಂದು ಹಿಂದೆ. ಸೊಂಟ ತಾನಾಗಿಯೇ ಒಂದು ಕಡೆಗೆ ಹೊರಳಿರುತ್ತದೆ. ಆದ್ದರಿಂದ ಒಂದು ಬದಿಯ ತಿರುವು ಸಲೀಸು, ಇನ್ನೊಂದು ಕಷ್ಟ. 259 ಮೀಟರ್ ಕೋರ್ಸಿನಲ್ಲಿ ಸುತ್ತಿಬರಬೇಕಾದ ತೇಲುಚೆಂಡುಗಳು ಆರು, ಬಲಕ್ಕೆ ಮೂರು, ಎಡಕ್ಕೆ ಮೂರು. ಗಂಟೆಗೆ 58 ಕಿ.ಮೀ. ವೇಗದ ದೋಣಿಯ ಹಿಂದೆ ಇಷ್ಟೂ ಸುಮಾರು 16 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಕಷ್ಟದ ಬದಿಯನ್ನು ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ಫಿನ್ ನೋಡಿಕೊಳ್ಳುವುದು ಮುಖ್ಯವಾಗಿ ಹಿಂದುಮುಂದಿನ ಸಮತೋಲವನ್ನು. ಸಾಮಾನ್ಯವಾಗಿ ಆಳ ಹೆಚ್ಚಿಸಿದರೆ ಸ್ಕೀಯ ಬಾಲ ನೀರನ್ನು ಗಟ್ಟಿಯಾಗಿ ಹಿಡಿಯುತ್ತದೆ. ತಗ್ಗಿಸಿದರೆ ಬಾಲ ಜಾರುತ್ತದೆ. ಮುಂದಕ್ಕೆ ಸರಿಸಿದರೆ ಸ್ಕೀಯ ಮೂತಿ ನೀರನ್ನು ಹೆಚ್ಚು ಕಚ್ಚುತ್ತದೆ.

ಫಿನ್ ಸರಿಸಿದ ಮೇಲೆ ಕೆಟ್ಟ ಬದಿ ಸುಧಾರಿಸಿತು ಎನ್ನುವವರ ಅನುಭವ ಸುಳ್ಳಲ್ಲ. ಕಷ್ಟದ ಬದಿಯಲ್ಲಿ ಅನೇಕರ ಭಾರ ಹಿಂಗಾಲಿಗೆ ಬೀಳುತ್ತದೆ. ಫಿನ್ ಮುಂದೆ ಬಂದಾಗ ಆ ಕೊರತೆ ತುಸು ತುಂಬುತ್ತದೆ, ನಿಜ. ಆದರೆ ಒಳ್ಳೆಯ ಬದಿಗೂ ಅದೇ ಫಿನ್, ಅದೇ ಅಳತೆ. ಅಲ್ಲಿ ಭಾರ ಮೊದಲೇ ಮುಂದಿರುತ್ತದೆ. ಮೂತಿ ಅತಿಯಾಗಿ ಕಚ್ಚಿ ಸ್ಕೀ ಗಕ್ಕನೆ ತಿರುಗುತ್ತದೆ, ಹಗ್ಗ ಸಡಿಲಬೀಳುತ್ತದೆ, ಮರುಕ್ಷಣವೇ ಜಗ್ಗಿ ಮೈ ಮುಗ್ಗರಿಸುವಂತೆ ಮಾಡುತ್ತದೆ. ಒಂದು ಬದಿಯ ರೋಗ ಇನ್ನೊಂದಕ್ಕೆ ದಾಟಿತು, ಅಷ್ಟೆ.

ಸಂಖ್ಯೆಗಳ ಮೇಲಿನ ಭಕ್ತಿಯೂ ಅತಿಯಾಗಿದೆ. ಫಿನ್ನನ್ನು ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಸರಿಸುತ್ತಾರೆ. ಅಂಥ ಒಂದು ಭಾಗ ಎಂದರೆ 0.025 ಮಿ.ಮೀ., ಸಾಮಾನ್ಯ ಕಾಗದದ ದಪ್ಪದ ಕಾಲುಭಾಗ. ಕ್ಯಾಲಿಪರನ್ನು ಕೊಂಚ ಓರೆಯಾಗಿ ಒತ್ತಿದರೂ ಅಷ್ಟು ವ್ಯತ್ಯಾಸ ಬರುತ್ತದೆ.

ಹಗ್ಗ 18.25 ಮೀಟರ್ ಇದ್ದಾಗ ನಿಲುವಿನ ದೋಷ ಮುಚ್ಚಿಹೋಗಬಹುದು. ಹಗ್ಗವನ್ನು ಗಿಡ್ಡ ಮಾಡುತ್ತ 11.25 ಮೀಟರಿಗೆ ಇಳಿಸಿದಾಗ ಹಾಗಲ್ಲ. ಚೆಂಡು ಕೋರ್ಸಿನ ನಡುಗೆರೆಯಿಂದ 11.5 ಮೀಟರ್ ದೂರದಲ್ಲಿದೆ. ಹಗ್ಗಕ್ಕೆ ನಿಲುಕದ್ದನ್ನು ಮೈ ಚಾಚಿ ತುಂಬಬೇಕು. ಅಲ್ಲಿ ಸೊಂಟ ಹಿಂದುಳಿದರೆ ಯಾವ ಫಿನ್ನೂ ಕಾಪಾಡದು.

ಫಿನ್ ಮುಟ್ಟಲೇಬೇಡಿ ಎನ್ನುತ್ತಿಲ್ಲ. ಮೊದಲು ದೋಣಿಯಿಂದ ಎರಡೂ ಬದಿಯ ತಿರುವುಗಳ ವಿಡಿಯೊ ತೆಗೆಸಿ, ಸೊಂಟ ಎಲ್ಲಿದೆ ನೋಡಿ, ನಿಲುವು ತಿದ್ದಿಕೊಳ್ಳಿ. ಆಮೇಲೂ ಎರಡು ಬದಿಯಲ್ಲೂ ಒಂದೇ ತೊಂದರೆ ಉಳಿದರೆ, ಹಳೆಯ ಅಳತೆ ಬರೆದಿಟ್ಟುಕೊಂಡು ಅಲೆನ್ ಕೀ ಎತ್ತಿಕೊಳ್ಳಿ.