ಶೋಕದ ಬಣ್ಣ: ‘ಗ್ರಿಸ್’ ಎಂಬ ವಿಡಿಯೋ ಆಟವನ್ನು ಕುರಿತು

ವಿಡಿಯೋ ಆಟವೆಂದೊಡನೆ ನಮ್ಮ ಮನೆಗಳಲ್ಲಿ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಗುಂಡಿನ ಸದ್ದು, ರಕ್ತದ ಕಲೆ, ಕೊಂದಷ್ಟೂ ಏರುವ ಅಂಕ ಇವುಗಳನ್ನು ಕಂಡವರು, ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಮನೆತನಕ್ಕೆ ಇದು ತಕ್ಕುದಲ್ಲವೆಂದು ತೀರ್ಮಾನಿಸಿದರೆ ಅವರನ್ನು ದೂಷಿಸಲಾಗದು. ನಾನೂ ಹಾಗೆ ತೀರ್ಮಾನಿಸಿದ್ದವನೇ. ಆದರೆ ನನ್ನ ತಂಗಿ ತೀರಿಕೊಂಡ ಎರಡನೆಯ ತಿಂಗಳಲ್ಲಿ, ಯಾರೊಡನೆಯೂ ಮಾತು ಬೇಡವೆಂದು ಕೋಣೆ ಸೇರಿದ್ದ ಅವಳ ಮಗಳು ಆಡುತ್ತಿದ್ದ ಒಂದು ಆಟವನ್ನು ಮೂರು ಸಂಜೆ ಅವಳ ಬೆನ್ನಹಿಂದೆ ಕುಳಿತು ನೋಡಿದೆ. ಅದರ ಹೆಸರು ‘ಗ್ರಿಸ್’. ಸ್ಪಾನಿಷ್ ಭಾಷೆಯಲ್ಲಿ ಈ ಶಬ್ದಕ್ಕೆ ಬೂದುಬಣ್ಣ ಎಂದರ್ಥ. ನೋಡಿದ ಮೇಲೆ ನನ್ನ ಹಳೆಯ ತೀರ್ಮಾನವನ್ನು ತಿದ್ದಿಕೊಳ್ಳಬೇಕಾಯಿತು. ಆ ಆಟದ ಗುಣವನ್ನೂ ಅದರ ಕೊರತೆಯನ್ನೂ ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

‘ಗ್ರಿಸ್’ ಸ್ಪೇನ್ ದೇಶದ ಬಾರ್ಸಿಲೋನಾ ನಗರದ ನೊಮಾಡಾ ಸ್ಟುಡಿಯೋ ಎಂಬ ಸಣ್ಣ ತಂಡ ನಿರ್ಮಿಸಿ 2018ರ ಡಿಸೆಂಬರಿನಲ್ಲಿ ಹೊರತಂದ ಕೃತಿ. ಇದರ ಚಿತ್ರಗಳ ಹಿಂದಿರುವವರು ಜಲವರ್ಣದ ಕಲಾವಿದರಾದ ಕೊನ್ರಾಡ್ ರೊಸೆಟ್. ಸಂಗೀತ ಬರ್ಲಿನಿಸ್ಟ್ ಎಂಬ ವಾದ್ಯತಂಡದ್ದು. ಮೂರು ನಾಲ್ಕು ಗಂಟೆಗಳಲ್ಲಿ ಮುಗಿಯುವ ಈ ಆಟದಲ್ಲಿ ಸಂಭಾಷಣೆಯಿಲ್ಲ, ಕಥೆ ಹೇಳುವ ದನಿಯಿಲ್ಲ. ಹೇಳಬೇಕಾದುದನ್ನೆಲ್ಲ ಬಣ್ಣವೂ ಸಂಗೀತವೂ ಹೇಳುತ್ತವೆ. ಇದಕ್ಕಿಂತ ವಿಶೇಷವಾದ ಸಂಗತಿಯೆಂದರೆ, ಇಲ್ಲಿ ನಾಯಕಿಗೆ ಸಾವಿಲ್ಲ. ಅವಳ ಕೈಯಲ್ಲಿ ಆಯುಧವೂ ಇಲ್ಲ. ಎತ್ತರದಿಂದ ಬಿದ್ದರೂ ಅವಳು ಮತ್ತೆ ನಡೆಯುತ್ತಾಳೆ. ಆಟಗಾರನು ಸೋತನೆಂದು ಎಲ್ಲಿಯೂ ಸಾರುವುದಿಲ್ಲ.

ಕಥೆ ಸರಳವಾದುದು. ಒಬ್ಬ ತರುಣಿ ಒಂದು ಬೃಹತ್ ಸ್ತ್ರೀಪ್ರತಿಮೆಯ ಅಂಗೈಯಲ್ಲಿ ಕುಳಿತು ಹಾಡುತ್ತಿರುತ್ತಾಳೆ. ಹಠಾತ್ತನೆ ಅವಳ ಕಂಠ ಕಟ್ಟುತ್ತದೆ. ಪ್ರತಿಮೆ ಬಿರುಕುಬಿಟ್ಟು ಒಡೆಯುತ್ತದೆ. ಅವಳು ಕೆಳಗೆ, ಬಣ್ಣವೇ ಇಲ್ಲದ ಒಂದು ಲೋಕಕ್ಕೆ ಬೀಳುತ್ತಾಳೆ. ಅಲ್ಲಿ ಮೊದಲಿಗೆ ಅವಳಿಗೆ ನೆಗೆಯುವ ಶಕ್ತಿಯೂ ಇರುವುದಿಲ್ಲ. ನಡೆಯುತ್ತ ನಡೆಯುತ್ತ ಕುಸಿದು ಕೂರುತ್ತಾಳೆ. ಆ ಪ್ರತಿಮೆ ಅವಳ ತಾಯಿಯದೆಂಬ ಸೂಚನೆ ಆಟದೊಳಗೆ ಬಚ್ಚಿಟ್ಟ ಒಂದು ದೃಶ್ಯದಲ್ಲಿ ಮಾತ್ರ ದೊರೆಯುತ್ತದೆ. ಎಲ್ಲ ಆಟಗಾರರೂ ಅದನ್ನು ಕಾಣುವುದಿಲ್ಲ. ನನ್ನ ಸೊಸೆ ಅದನ್ನು ಕಂಡಿದ್ದಳು.

ಬಣ್ಣ ಈ ಕೃತಿಯಲ್ಲಿ ಅಲಂಕಾರವಲ್ಲ. ಅದೇ ಕಥೆಯ ನಡಿಗೆ. ಬೂದುಲೋಕಕ್ಕೆ ಮೊದಲು ಬರುವುದು ಕೆಂಪು. ಕೆಂಪು ಮರಳುಗಾಡಿನಲ್ಲಿ ಬಿರುಗಾಳಿ ಬೀಸಿ ಅವಳನ್ನು ಹಿಂದಕ್ಕೆ ತಳ್ಳುತ್ತದೆ. ಅವಳ ಉಡುಪು ಭಾರವಾದ ಕಲ್ಲಿನಂತಾಗಿ ಗಾಳಿಗೆ ಎದುರಾಗಿ ನಿಲ್ಲುವುದನ್ನು ಕಲಿಯುತ್ತದೆ. ಬಳಿಕ ಹಸುರು ಬರುತ್ತದೆ. ಕಾಡು ಹುಟ್ಟುತ್ತದೆ, ಒಂದು ಪುಟ್ಟ ಜೀವಿ ಅವಳಿಗೆ ಜೊತೆಯಾಗುತ್ತದೆ. ಆಮೇಲೆ ನೀಲಿಯೊಡನೆ ಮಳೆ ಸುರಿಯುತ್ತದೆ. ಅವಳು ನೀರಿನ ಆಳಕ್ಕೆ ಇಳಿಯುತ್ತಾಳೆ. ಕೊನೆಗೆ ಹಳದಿ, ಅಂದರೆ ಬೆಳಕು. ಆಟದ ಅಂತ್ಯಭಾಗದಲ್ಲಿ ಕಂಠ ಮರಳಿ ಅವಳು ಹಾಡಿದಾಗ ಸುತ್ತಲೂ ಹೂ ಅರಳುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವುಂಟು. ಹೊಸ ಬಣ್ಣ ಬಂದಾಗ ಹಳೆಯದು ಅಳಿಯುವುದಿಲ್ಲ. ಹಸುರಿನ ಕಾಡಿನಲ್ಲಿ ಕೆಂಪು ಉಳಿದಿರುತ್ತದೆ, ನೀಲಿಯ ಆಳದಲ್ಲಿ ಹಸುರು ಇರುತ್ತದೆ. ಕಾಗದದ ಮೇಲೆ ಒಂದು ಲೇಪ ಒಣಗಿದ ಮೇಲೆ ಇನ್ನೊಂದನ್ನು ಎಳೆಯುವ ಜಲವರ್ಣದ ಕ್ರಮವಿದು. ದುಃಖದಿಂದ ಚೇತರಿಸಿಕೊಳ್ಳುವುದೆಂದರೆ ದುಃಖವನ್ನು ಒರೆಸಿಹಾಕುವುದಲ್ಲ, ಅದರ ಮೇಲೆಯೇ ಬದುಕಿನ ಉಳಿದ ಬಣ್ಣಗಳನ್ನು ಹಚ್ಚುವುದು ಎಂಬ ಮಾತನ್ನು ಒಂದೂ ಶಬ್ದವಿಲ್ಲದೆ ಈ ಆಟ ಹೇಳಿದೆ. ಇದು ಇದರ ಮೊದಲನೆಯ ಸತ್ಯ.

ಎರಡನೆಯದು ಕಪ್ಪಿನಲ್ಲಿದೆ. ಅವಳು ಗಳಿಸುವ ಬಣ್ಣಗಳಲ್ಲಿ ಕಪ್ಪು ಸೇರಿಲ್ಲ. ಕರಿಯ ಚಿಟ್ಟೆಗಳು ಕೂಡಿ ಒಂದು ಹಕ್ಕಿಯಾಗಿ ಅವಳನ್ನು ಅಡ್ಡಗಟ್ಟುತ್ತವೆ. ನೀರಿನಲ್ಲಿ ಅದೇ ಕಪ್ಪು ದೈತ್ಯ ಹಾವುಮೀನಾಗಿ ಬೆನ್ನಟ್ಟುತ್ತದೆ. ಬೇರೆ ಆಟಗಳಲ್ಲಾದರೆ ಈ ಮೃಗಗಳನ್ನು ಕೊಲ್ಲುವುದೇ ಆಟಗಾರನ ಗುರಿಯಾಗುತ್ತಿತ್ತು. ಇಲ್ಲಿ ಅವಳು ಹೊಡೆಯಲಾರಳು. ಸರಿಯಬಹುದು, ಓಡಬಹುದು, ನಿಲ್ಲಬಹುದು, ಅಷ್ಟೆ. ಕೊನೆಯಲ್ಲಿ ಆ ಕಪ್ಪು ತಾಳುವ ರೂಪ ಅವಳದೇ ಮುಖ! ಶತ್ರು ಹೊರಗಿನವನಲ್ಲವೆಂದು ತಿಳಿಯಲು ಅವಳು ಅಷ್ಟು ದೂರ ನಡೆಯಬೇಕಾಯಿತು. ತನ್ನೊಳಗಿನ ಕಷಾಯಗಳನ್ನು ಗೆದ್ದವನೇ ಜಿನನೆಂದು ಕೇಳುತ್ತ ಬೆಳೆದ ನಮಗೆ ಈ ದೃಶ್ಯ ಅಪರಿಚಿತವೆನಿಸದು.

ಬಣ್ಣ ಮತ್ತು ಮನಸ್ಸಿನ ನಂಟು ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಕಷಾಯದಿಂದ ಬಣ್ಣಗೊಂಡ ಯೋಗಪ್ರವೃತ್ತಿಯೇ ಲೇಶ್ಯೆ. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂದು ಅದು ಆರು ಬಗೆ. ಇವುಗಳಲ್ಲಿ ಕಾಪೋತವೆಂದರೆ ಪಾರಿವಾಳದ ಬಣ್ಣ, ಅಂದರೆ ಬೂದು. ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಒಂದೊಂದು ಲೇಶ್ಯೆಯ ಲಕ್ಷಣವನ್ನು ಹೇಳುವಾಗ, ಶೋಕ ಮತ್ತು ಭಯ ತುಂಬಿರುವುದನ್ನು ಕಾಪೋತಲೇಶ್ಯೆಯ ಗುರುತುಗಳಲ್ಲಿ ಎಣಿಸಿದ್ದಾರೆ. ಸಾವಿರ ವರ್ಷಗಳ ಅಂತರದಲ್ಲಿ ಬೆಳಗೊಳದ ಆಚಾರ್ಯರೂ ಬಾರ್ಸಿಲೋನಾದ ಚಿತ್ರಕಾರರೂ ಶೋಕಕ್ಕೆ ಒಂದೇ ಬಣ್ಣವನ್ನು ಕಂಡರೆಂಬುದು ಸೋಜಿಗದ ಸಂಗತಿ.

ಆದರೆ ಸಾಮ್ಯ ಇಲ್ಲಿಗೆ ಮುಗಿಯುತ್ತದೆ. ಆಚಾರ್ಯರು ಅದೇ ಪಟ್ಟಿಯಲ್ಲಿ ಶೋಕದ ಪಕ್ಕದಲ್ಲಿಯೇ ಇತರರ ಮೇಲೆ ಮುನಿಯುವುದನ್ನೂ ಇತರರನ್ನು ನಿಂದಿಸುವುದನ್ನೂ ಇರಿಸಿದ್ದಾರೆ. ಶೋಕವು ಶೋಕಿಸುವವನಲ್ಲಿಯೇ ನಿಲ್ಲುವುದಿಲ್ಲ, ಅದು ಸುತ್ತಲಿನವರ ಕಡೆಗೆ ಹರಿಯುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ‘ಗ್ರಿಸ್’ ಆಟದ ಕೊರತೆ ಇರುವುದು ಇಲ್ಲಿಯೇ. ಅದರ ಕೆಂಪು ಕೋಪದ ಬಣ್ಣವೆಂಬುದು ಸ್ಪಷ್ಟ. ಆದರೆ ಆ ಕೋಪ ಯಾರ ಮೇಲೂ ಬೀಳುವುದಿಲ್ಲ. ಅದು ಬರಿಯ ಗಾಳಿ, ಬರಿಯ ಮರಳು. ನಾಯಕಿಗೆ ತಂದೆಯಿಲ್ಲ, ತಮ್ಮನಿಲ್ಲ, ಊಟಕ್ಕೆ ಕರೆಯುವವರಿಲ್ಲ, ಅವಳು ಸಿಡುಕಿ ಮಾತನಾಡಿದಾಗ ನೊಂದುಕೊಳ್ಳುವವರಿಲ್ಲ. ನಮ್ಮ ಮನೆಯಲ್ಲಿ ಆ ಕೆಂಪು ಬಿರುಗಾಳಿ ಬೀಸಿದ್ದು ಹುಡುಗಿಯ ತಂದೆಯ ಮೇಲೆ. ಆಸ್ಪತ್ರೆಗೆ ಒಂದು ದಿನ ಮುಂಚೆ ಏಕೆ ಕರೆದೊಯ್ಯಲಿಲ್ಲವೆಂದು ಅವಳು ಕೇಳಿದ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಅಂದು ಅವರು ಊಟ ಮಾಡದೆ ಎದ್ದುಹೋದರು. ಶೋಕದ ಈ ಹಿಂಸೆಯನ್ನು ತೋರಿಸದೆ ಅದರ ಸೌಂದರ್ಯವನ್ನಷ್ಟೇ ತೋರಿಸುವ ಕೃತಿ ಸತ್ಯದ ಅರ್ಧವನ್ನು ಮಾತ್ರ ಹೇಳಿದಂತಾಗುತ್ತದೆ.

ಇನ್ನೊಂದು ಕೊರತೆ ಬಣ್ಣಗಳ ಕ್ರಮಕ್ಕೆ ಸಂಬಂಧಿಸಿದುದು. ಆಟಗಾರನು ಗಳಿಸುವ ಪದಕಗಳಲ್ಲಿ ಐದಕ್ಕೆ ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಅಂಗೀಕಾರ ಎಂಬ ಅರ್ಥದ ಹೆಸರುಗಳಿವೆ. 2017ರಲ್ಲಿ ಬಂದ ‘ರೈಮ್’ ಎಂಬ ಇನ್ನೊಂದು ಸ್ಪಾನಿಷ್ ಆಟದ ಅಧ್ಯಾಯಗಳಿಗೂ ಇವೇ ಹೆಸರುಗಳು. ಈ ಐದು ಹಂತಗಳು ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಅವರು 1969ರಲ್ಲಿ ಪ್ರಕಟಿಸಿದ ಗ್ರಂಥದಿಂದ ಬಂದವು. ಆದರೆ ಅವರು ಆ ಗ್ರಂಥವನ್ನು ಬರೆದದ್ದು ಮರಣಾಸನ್ನರಾದ ರೋಗಿಗಳ ಮಾತುಗಳನ್ನು ಆಲಿಸಿ. ಸಾಯುವವರ ಮನಃಸ್ಥಿತಿಗೆ ಹೇಳಿದ ಮಾತು ಕಾಲಾನುಕ್ರಮದಲ್ಲಿ ಉಳಿದುಕೊಂಡವರ ದುಃಖಕ್ಕೂ ಸೂತ್ರವಾಯಿತು. ಸೂತ್ರವಾದ ಮೇಲೆ ಅದಕ್ಕೆ ಬಣ್ಣ ಹಚ್ಚುವುದು ಸುಲಭ. ಕೆಂಪು ಮುಗಿದರೆ ಹಸುರು, ಹಸುರು ಮುಗಿದರೆ ನೀಲಿ, ಎಲ್ಲ ಮುಗಿದರೆ ಬೆಳಕು. ನಿಜವಾದ ಶೋಕ ಹೀಗೆ ಸಾಲಿನಲ್ಲಿ ಬರುವುದಿಲ್ಲ. ಹಳದಿಯ ದಿನವೊಂದರ ನಡುವೆ, ತೊಳೆದಿಟ್ಟ ಸೀರೆಯ ಮಡಿಕೆಯಿಂದ ಹಳೆಯ ಪರಿಮಳ ಬಂದೊಡನೆ, ಲೋಕ ಮತ್ತೆ ಬೂದಾಗುತ್ತದೆ.

ಇದಕ್ಕೆ ಹೋಲಿಸಿ ನೋಡಿದರೆ, 2012ರಲ್ಲಿ ಅಮೆರಿಕದಲ್ಲಿ ನಿರ್ಮಾಣವಾದ ‘ಜರ್ನಿ’ ಎಂಬ ಆಟ ಒಂದು ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾಗಿದೆ. ಹೊಂಬಣ್ಣದ ಮರಳಿನಲ್ಲಿ ಆರಂಭವಾಗುವ ಆ ಯಾತ್ರೆ ಹಿಮದ ಬೆಟ್ಟವನ್ನೇರುವಾಗ ಬಣ್ಣಗಳೆಲ್ಲ ಮಾಸಿ, ಯಾತ್ರಿಕನ ಕೆಂಪು ಉಡುಪೂ ಹಿಮ ಹಿಡಿದು ಮಂಕಾಗುತ್ತದೆ. ಆದರೆ ಅಲ್ಲಿ ಇನ್ನೊಬ್ಬ ಅಪರಿಚಿತ ಯಾತ್ರಿಕನು ಪಕ್ಕದಲ್ಲಿರಬಹುದು. ಜಗತ್ತಿನ ಇನ್ನೆಲ್ಲಿಯೋ ಕುಳಿತು ಆಡುತ್ತಿರುವ ನಿಜವಾದ ಮನುಷ್ಯನೇ ಅವನು. ಪರಸ್ಪರ ಮಾತಿಲ್ಲ, ಹೆಸರು ತಿಳಿಯದು. ಹತ್ತಿರ ನಡೆದರೆ ಒಬ್ಬರಿಂದೊಬ್ಬರಿಗೆ ಬಲ ಬರುತ್ತದೆ. ಬಣ್ಣ ಕಳೆದುಕೊಂಡ ದಾರಿಯಲ್ಲಿ ಜೊತೆ ನಡೆಯುವವರ ಬೆಲೆಯನ್ನು ‘ಗ್ರಿಸ್’ಗಿಂತ ‘ಜರ್ನಿ’ ಚೆನ್ನಾಗಿ ಅರಿತಿದೆ.

ಇಷ್ಟೆಲ್ಲ ಹೇಳಿದ ಮೇಲೂ ‘ಗ್ರಿಸ್’ ನನ್ನನ್ನು ಬಿಡದೆ ಕಾಡಿದ್ದು ಏಕೆಂಬುದನ್ನು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣ. ಆ ಆಟದಲ್ಲಿ ಶೋಕವು ಲೋಕದಿಂದ ಬಣ್ಣವನ್ನು ಕಸಿಯುತ್ತದೆ. ನಮ್ಮಲ್ಲಿ ಲೋಕವೇ ಶೋಕಿಸುವವರಿಂದ ಬಣ್ಣವನ್ನು ಕಸಿಯುತ್ತಿತ್ತು. ನನ್ನ ಅಜ್ಜಿ ಮೂವತ್ತರ ಒಳಗೆ ಗಂಡನನ್ನು ಕಳೆದುಕೊಂಡವರು. ಅವರ ಹಣೆಯ ಕುಂಕುಮ, ಕೈಯ ಹಸುರು ಬಳೆ, ಮದುವೆಯ ಸೀರೆ ಇವುಗಳನ್ನು ತೆಗೆದವರು ಮನೆಯವರೇ. ಆಮೇಲಿನ ಐವತ್ತು ವರ್ಷಗಳಲ್ಲಿ ಅವರು ಬಣ್ಣದ ಸೀರೆ ಉಟ್ಟದ್ದನ್ನು ನಾವಾರೂ ಕಾಣಲಿಲ್ಲ. ಆರ್ಯಿಕೆಯರು ಉಡುವುದೂ ಬಿಳಿಯೇ. ಆದರೆ ಅದು ಅವರೇ ಅರಿತು ಸ್ವೀಕರಿಸಿದ ವ್ರತ, ಆದುದರಿಂದ ತ್ಯಾಗ. ಒಪ್ಪಿಗೆಯಿಲ್ಲದ ಹೆಗಲ ಮೇಲೆ ಹೊರಿಸಿದ ಬಿಳಿ ತ್ಯಾಗವಾಗದು. ಅದಕ್ಕೆ ಹಿಂಸೆಯೆಂದೇ ಹೆಸರು.

ಕಾಲ ಬದಲಾಯಿತೆಂದು ನಾವು ಸಮಾಧಾನಪಟ್ಟುಕೊಂಡಿದ್ದೇವೆ. ಆದರೆ ತಂಗಿ ಹೋದ ಎರಡನೆಯ ತಿಂಗಳಲ್ಲಿಯೇ ಬಂಧುಗಳ ಮದುವೆ ಬಂದಿತು. ಹುಡುಗಿ ಹಳೆಯ ಬೂದು ಉಡುಪಿನಲ್ಲಿಯೇ ಹೊರಟು ನಿಂತಾಗ, ‘ಎಷ್ಟು ದಿನ ಹೀಗಿರುವೆ, ನಾಲ್ಕು ಜನ ನೋಡುತ್ತಾರೆ’ ಎಂದು ಒತ್ತಾಯಿಸಿ ಕೆಂಪು ರೇಷ್ಮೆಯನ್ನು ಉಡಿಸಿದವರಲ್ಲಿ ನಾನೂ ಒಬ್ಬ. ಅಜ್ಜಿಯಿಂದ ಬಣ್ಣವನ್ನು ಕಿತ್ತುಕೊಂಡ ಕೈಗೂ ಮೊಮ್ಮಗಳ ಮಗಳಿಗೆ ಬಣ್ಣವನ್ನು ಬಲವಂತವಾಗಿ ಹಚ್ಚಿದ ಕೈಗೂ ಹೆಚ್ಚಿನ ಭೇದವಿಲ್ಲವೆಂದು ನನಗೆ ತಿಳಿದದ್ದು ಆಟವನ್ನು ನೋಡಿದ ಮೂರನೆಯ ಸಂಜೆ. ಪರದೆಯ ಮೇಲಿನ ಆ ತರುಣಿಯನ್ನು ಯಾರೂ ಅವಸರಪಡಿಸುತ್ತಿರಲಿಲ್ಲ. ಅವಳು ಕುಸಿದು ಕುಳಿತರೆ ಆಟವೂ ಸುಮ್ಮನೆ ಕಾಯುತ್ತಿತ್ತು. ನನ್ನ ಸೊಸೆಗೆ ತನ್ನ ಮನೆಯಲ್ಲಿ ದೊರೆಯದಿದ್ದ ಆ ಕಾಯುವಿಕೆ ಅಲ್ಲಿ ದೊರೆತಿತ್ತು.

ಶೋಕವು ನೋಕಷಾಯಗಳಲ್ಲಿ ಒಂದು, ಇಷ್ಟವಿಯೋಗದ ಚಿಂತೆ ಆರ್ತಧ್ಯಾನ, ಆದುದರಿಂದ ಅದನ್ನು ಪೋಷಿಸುವ ಆಟ ಹಾನಿಕರವಲ್ಲವೇ ಎಂದು ಬಲ್ಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಶಾಸ್ತ್ರ ಶೋಕಕ್ಕೆ ಹೆಸರಿಟ್ಟು ಲಕ್ಷಣ ಹೇಳಿರುವುದು ಪ್ರತಿಯೊಬ್ಬನೂ ತನ್ನೊಳಗೆ ನೋಡಿಕೊಳ್ಳಲೆಂದು, ಪಕ್ಕದವರ ಕಣ್ಣೀರನ್ನು ತೂಗಲೆಂದಲ್ಲ. ಪಂಪನ ‘ಆದಿಪುರಾಣ’ದಲ್ಲಿಯೂ ಲಲಿತಾಂಗದೇವನ ಆಯುಸ್ಸು ತೀರುವ ಕಾಲಕ್ಕೆ ಅವನ ಕೊರಳ ಮಾಲೆ ಬಾಡಿತು, ಸ್ವರ್ಗದಲ್ಲಿಯೂ ಬಣ್ಣ ಮಾಸಿತು. ಸ್ವಯಂಪ್ರಭೆಯ ಶೋಕವನ್ನು ಕವಿ ಮರೆಮಾಚಲಿಲ್ಲ. ಆ ಜೀವಗಳು ಅಲ್ಲಿಂದ ಮುಂದೆ ಭವಭವಗಳಲ್ಲಿ ನಡೆದು ಮೇಲೇರಿದವು. ಬಣ್ಣಗಳೆಲ್ಲವನ್ನೂ ದಾಟಿ ಅಲೇಶ್ಯನಾದ ಸಿದ್ಧನ ನೆಲೆ ನಮ್ಮ ಗುರಿಯಾಗಿರಬಹುದು. ಆದರೆ ತಾಯಿಯನ್ನು ಕಳೆದುಕೊಂಡ ಹುಡುಗಿಗೆ ಆ ನೆಲೆಯನ್ನು ಎರಡೇ ತಿಂಗಳಲ್ಲಿ ಬಯಸುವುದು ಧರ್ಮವಲ್ಲ.

ಇದು ಎಲ್ಲ ಮನೆಗಳಿಗೂ ಬೇಕಾದ ಆಟವೆಂದು ನಾನು ಹೇಳಲಾರೆ. ಮನೆಯ ಮಕ್ಕಳು ಇಂತಹುದನ್ನು ಆಡುತ್ತಿದ್ದರೆ ಬೈದು ಕಸಿದುಕೊಳ್ಳುವ ಮುನ್ನ ಒಂದು ಸಂಜೆ ಪಕ್ಕದಲ್ಲಿ ಕುಳಿತು ನೋಡಿ ಎಂದಷ್ಟೇ ನನ್ನ ವಿನಂತಿ. ಆಟದೊಳಗೆ ಇಲ್ಲದ ಜೊತೆಗಾರರು ಆಟದ ಹೊರಗಾದರೂ ಇರಲಿ.

ಆ ಕೆಂಪು ರೇಷ್ಮೆ ಈಗ ಅವಳ ಪೆಟ್ಟಿಗೆಯಲ್ಲಿದೆ. ಅದನ್ನು ಎಂದು ಉಡಬೇಕೆಂದು ನಾವಾರೂ ಹೇಳುತ್ತಿಲ್ಲ. ಹೋದ ವಾರ ಅವಳು ತನ್ನ ತಂದೆಗೆ ತಾನೇ ಊಟ ಬಡಿಸಿದಳು.