ಮೂಲಸ್ಥಿತಿಯೆಂಬ ಭ್ರಮೆ: ವಿಕ್ಟೋರಿಯಾ ಕಾಲದ ಸೈನಿಕ ರೈಫಲುಗಳ ಸಂಗ್ರಹವಿಚಾರ

ಹಳೆಯ ಆಯುಧಗಳ ಸಂಗ್ರಹವು ಉಳ್ಳವರ ವಿನೋದವೆಂದು ವಿದ್ವಾಂಸರು ಉಪೇಕ್ಷಿಸುವುದುಂಟು. ಆದರೆ ವಿಕ್ಟೋರಿಯಾ ರಾಣಿಯ ಆಳಿಕೆಯ ಕಡೆಯ ಭಾಗದಲ್ಲಿ ಬ್ರಿಟಿಷ್ ಸೈನ್ಯಕ್ಕಾಗಿ ಸಿದ್ಧವಾದ ಬೋಲ್ಟ್ ರೈಫಲುಗಳ ಸಂಗ್ರಹವು ಶಾಸನವಾಚನಕ್ಕೂ ಗ್ರಂಥಸಂಪಾದನಕ್ಕೂ ಬಹು ಸಮೀಪವಾದ ಒಂದು ವಿದ್ಯೆಯಾಗಿ ಬೆಳೆದಿದೆ. ಉಕ್ಕಿನಲ್ಲಿ ಒತ್ತಿದ ಅಕ್ಷರ, ಮರದಲ್ಲಿ ಉಳಿದ ಗುರುತು, ಕಳಚಿಹೋದ ಅಂಗದ ಗುಳಿ, ಇವುಗಳಿಂದ ಒಂದು ವಸ್ತುವಿನ ಚರಿತ್ರೆಯನ್ನು ಕಟ್ಟುವುದೇ ಅದರ ಕಾರ್ಯ. ಹೀಗಿದ್ದರೂ ಈ ವಿದ್ಯೆಯಲ್ಲಿ ಒಂದು ದೋಷವು ಬೇರೂರಿದೆ. ಕಾರ್ಖಾನೆಯಿಂದ ಹೊರಟ ದಿನದ ರೂಪವೇ ಬೆಲೆಯುಳ್ಳದ್ದು, ಮುಂದೆ ಆದ ಮಾರ್ಪಾಟೆಲ್ಲವೂ ಕಳಂಕವೆಂಬ ನಂಬಿಕೆಯೇ ಆ ದೋಷ. ಇದನ್ನು ಪರೀಕ್ಷಿಸುವ ಮುನ್ನ ವಸ್ತುವಿನ ಪರಿಚಯವು ಅವಶ್ಯಕ.

1888ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರವು ಅಂಗೀಕರಿಸಿದ ರೈಫಲಿನಲ್ಲಿ ಇಬ್ಬರ ಬುದ್ಧಿಯು ಕೂಡಿದೆ. ಬಾಗಿಲ ಅಗುಳಿಯಂತೆ ಹಿಂದುಮುಂದಕ್ಕೆ ಸರಿಯುವ ಬೋಲ್ಟನ್ನೂ ಅದರ ಕೆಳಗಿನ ತೋಟಾಪೆಟ್ಟಿಗೆಯನ್ನೂ ರೂಪಿಸಿದವನು ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಜೇಮ್ಸ್ ಪ್ಯಾರಿಸ್ ಲೀ. ನಳಿಗೆಯೊಳಗೆ ತಿರುಪಾಗಿ ಕೊರೆದ ಏಳು ಗೆರೆಗಳ ಕ್ರಮವು ಇಂಗ್ಲೆಂಡಿನ ವಿಲಿಯಂ ಎಲ್ಲಿಸ್ ಮೆಟ್‌ಫರ್ಡನದು. 1891ರಲ್ಲಿ ಇದಕ್ಕೆ ಲೀ-ಮೆಟ್‌ಫರ್ಡ್ ಎಂಬ ಹೆಸರು ನಿಂತಿತು. ಮೊದಲು 8 ತೋಟಾಗಳನ್ನು ಹಿಡಿಯುತ್ತಿದ್ದ ಪೆಟ್ಟಿಗೆಯು 1892ರ ಎರಡನೆಯ ಮಾದರಿಯಲ್ಲಿ 10 ತೋಟಾಗಳಿಗೆ ಹಿಗ್ಗಿತು. ಕಪ್ಪುಮದ್ದಿಗೆ ತಕ್ಕುದಾಗಿದ್ದ ಮೆಟ್‌ಫರ್ಡನ ಆಳವಿಲ್ಲದ ಗೆರೆಗಳು ಹೊಗೆಯಿಲ್ಲದ ಕಾರ್ಡೈಟ್ ಮದ್ದಿನ ಉಷ್ಣಕ್ಕೆ ಬೇಗನೆ ಸವೆದುವು. ಆದುದರಿಂದ 1895ರಲ್ಲಿ ಎನ್‌ಫೀಲ್ಡ್ ಕಾರ್ಖಾನೆಯ ಐದು ಗೆರೆಗಳ ನಳಿಗೆಯು ಬಂದು, ರೈಫಲು ಲೀ-ಎನ್‌ಫೀಲ್ಡ್ ಎನಿಸಿತು. 1899ರ ಮಾದರಿಯಲ್ಲಿ ನಳಿಗೆಯ ಕೆಳಗಣ ಶುಚಿಮಾಡುವ ಕೋಲನ್ನು ಕೈಬಿಟ್ಟರು. 1907ರಿಂದ, ಐದು ತೋಟಾಗಳನ್ನು ಒಮ್ಮೆಗೇ ತುಂಬಲು ಅನುಕೂಲವಾಗುವಂತೆ, ಹಳೆಯ ರೈಫಲುಗಳಿಗೆ ಉಕ್ಕಿನ ಸೇತುವೆಯೊಂದನ್ನು ಜೋಡಿಸಿದರು. ಹೀಗೆ ಒಂದೇ ರೈಫಲು ತನ್ನ ಆಯುಷ್ಯದಲ್ಲಿ ಹಲವು ಅವಸ್ಥೆಗಳನ್ನು ದಾಟಿರಬಹುದು.

ಈ ಅವಸ್ಥೆಗಳನ್ನು ಓದುವ ಸಾಧನಗಳು ರೈಫಲಿನ ಮೇಲೆಯೇ ಇವೆ. ಬೋಲ್ಟಿನ ಹಿಂದೆ, ಉಕ್ಕಿನ ಬಲಮಗ್ಗುಲಲ್ಲಿ ಕಿರೀಟ, ವಿ. ಆರ್. ಎಂಬ ರಾಣಿಯ ಅಂಕಿತ, ಎನ್‌ಫೀಲ್ಡ್ ಅಥವಾ ಸ್ಪಾರ್ಕ್‌ಬ್ರೂಕ್ ಮೊದಲಾದ ತಯಾರಿಕೆಯ ಸ್ಥಳ, ವರ್ಷ, ಮಾದರಿಯ ಸಂಖ್ಯೆ, ಇವು ಕ್ರಮವಾಗಿ ಕಾಣುವುವು. ಬಾಣದ ಮೊನೆಯು ಸರ್ಕಾರದ ಸ್ವತ್ತೆಂಬುದರ ಗುರುತು. ಎರಡು ಮೊನೆಗಳು ಎದುರುಬದುರಾಗಿ ಕೂಡಿದ್ದರೆ ಆ ರೈಫಲು ಸೈನ್ಯದಿಂದ ಮಾರಾಟವಾಗಿ ಹೊರಬಿದ್ದಿತೆಂದು ತಿಳಿಯಬೇಕು. ಮೊದಲ ಮಾದರಿಯ ಹಿಂಬದಿಯ ಮರದಲ್ಲಿ ಕೂರಿಸಿದ ಹಿತ್ತಾಳೆಯ ಬಿಲ್ಲೆಯು ರೆಜಿಮೆಂಟಿನ ಗುರುತಿಗೆ ಮೀಸಲಾಗಿತ್ತು. ಇದಲ್ಲದೆ ಅಂಗೀಕೃತವಾದ ಮಾರ್ಪಾಟುಗಳನ್ನು ಸರ್ಕಾರವು 'ಬದಲಾವಣೆಗಳ ಪಟ್ಟಿ'ಯಲ್ಲಿ ಪ್ರಕಟಿಸುತ್ತಿತ್ತು. ಆಸ್ಟ್ರೇಲಿಯದ ಇಯಾನ್ ಸ್ಕೆನರ್ಟನ್ ಆ ಪಟ್ಟಿಗಳನ್ನು ಸಂಕಲಿಸಿ, 1993ರಲ್ಲಿ 'ದಿ ಲೀ-ಎನ್‌ಫೀಲ್ಡ್ ಸ್ಟೋರಿ' ಎಂಬ ಬೃಹದ್ಗ್ರಂಥವನ್ನು ಹೊರತಂದುದರಿಂದ, ಲೇಖವನ್ನೂ ವಸ್ತುವನ್ನೂ ತಾಳೆನೋಡುವುದು ಸುಲಭವಾಯಿತು.

ವಿಷಾದದ ಸಂಗತಿಯೆಂದರೆ, ಈ ಜ್ಞಾನವೇ ಅನೇಕವೇಳೆ ಸಾಕ್ಷ್ಯನಾಶಕ್ಕೆ ಉಪಕರಣವಾಗುತ್ತದೆ. ಮೊದಲ ರೂಪವು ಹೇಗಿತ್ತೆಂದು ಗ್ರಂಥದಿಂದ ಅರಿತ ಸಂಗ್ರಾಹಕನು, ಬೇರೆ ರೈಫಲಿನ ನಳಿಗೆ, ಮತ್ತೊಂದರ ಮರ, ಇನ್ನೊಂದರ ಗುರಿಪಟ್ಟಿ, ಇವುಗಳನ್ನು ತಂದು ಜೋಡಿಸಿ, ಕಲೆಬಿದ್ದ ಮರವನ್ನು ಉಜ್ಜಿ, ಅದು 'ಮೂಲಸ್ಥಿತಿ'ಗೆ ಬಂದಿತೆಂದು ಸಂತೋಷಪಡುವನು. ವಾಸ್ತವವಾಗಿ ಆ ಜೋಡಣೆಯ ರೈಫಲು ಯಾವ ಕಾಲದಲ್ಲಿಯೂ ಇದ್ದುದಲ್ಲ. ದೇವಾಲಯದ ಜೀರ್ಣೋದ್ಧಾರವೆಂದು ಶಾಸನದ ಮೇಲೆ ಸುಣ್ಣ ಬಳಿದವರ ಕಾರ್ಯಕ್ಕೂ ಇದಕ್ಕೂ ಭೇದವು ಅತ್ಯಲ್ಪ. ಪುಣೆಯ ಭಂಡಾರ್ಕರ್ ಸಂಸ್ಥೆಯಲ್ಲಿ ಸುಖ್ತಂಕರ್ ಅವರು ಮಹಾಭಾರತದ ಪರಿಷ್ಕರಣವನ್ನು ನಡೆಯಿಸಿದಾಗ, ಅಂಗೀಕರಿಸದ ಪಾಠಗಳನ್ನೂ ಅಡಿಟಿಪ್ಪಣಿಯಲ್ಲಿ ಉಳಿಸಿದರು; ಓದುಗನು ಸಂಪಾದಕನ ತೀರ್ಮಾನವನ್ನು ಅಲ್ಲಗಳೆಯಲು ಬೇಕಾದ ಸಾಮಗ್ರಿಯು ಅದೇ ಪುಟದಲ್ಲಿ ಇರುತ್ತದೆ. ಉಜ್ಜಿಹೋದ ಮರಕ್ಕೆ ಅಂತಹ ಅಡಿಟಿಪ್ಪಣಿಯಿಲ್ಲ.

ಅಳಿದುಹೋಗುವ ಗುರುತು ಎಷ್ಟು ದೊಡ್ಡ ವಿಷಯವನ್ನು ಹೇಳಬಲ್ಲುದೆಂಬುದಕ್ಕೆ ಭಾರತದ ಚರಿತ್ರೆಯೇ ನಿದರ್ಶನ. 1857ರ ಅನಂತರ ಭಾರತೀಯ ಸಿಪಾಯಿಗಳಿಗೆ ಬ್ರಿಟಿಷ್ ಸೈನಿಕರಿಗಿಂತ ಒಂದು ತಲೆಮಾರು ಹಿಂದಿನ ಆಯುಧವನ್ನು ಕೊಡುವುದು ರಾಜನೀತಿಯಾಗಿತ್ತು. 1897ರ ತೀರಾ ದಂಡಯಾತ್ರೆಯಲ್ಲಿ ಬ್ರಿಟಿಷ್ ಪಡೆಗಳ ಕೈಯಲ್ಲಿ ಲೀ-ಮೆಟ್‌ಫರ್ಡ್ ಇದ್ದರೆ, ಅವರ ಪಕ್ಕದಲ್ಲಿ ಕಾದಿದ ಭಾರತೀಯ ಪಡೆಗಳ ಕೈಯಲ್ಲಿ ಒಂದೊಂದೇ ತೋಟಾ ತುಂಬುವ ಮಾರ್ಟಿನಿ ಇದ್ದಿತು. ಇಂತಹ ಬೋಲ್ಟ್ ರೈಫಲು ಭಾರತೀಯ ರೆಜಿಮೆಂಟಿಗೆ ಯಾವಾಗ, ಯಾವ ಸ್ಥಿತಿಯಲ್ಲಿ ಬಂದಿತೆಂಬುದನ್ನು ಆ ತಡವಾದ ಮುದ್ರೆಗಳೇ ಹೇಳಬೇಕು. ಅವು ರಾಣಿಯ ಕಾಲಕ್ಕೆ ಸೇರಿದುವಲ್ಲವೆಂದು ಅಳಿಸುವವನು ಸಾಮ್ರಾಜ್ಯದ ಅವಿಶ್ವಾಸದ ದಾಖಲೆಯನ್ನೇ ಅಳಿಸುತ್ತಾನೆ.

ವಾಯವ್ಯ ಗಡಿಯ ದರ್ರಾದಲ್ಲಿ ಪಠಾಣ ಕಮ್ಮಾರರು ಮಾಡಿದ ಪ್ರತಿಕೃತಿಗಳ ವಿಷಯವೂ ಹೀಗೆಯೇ. 1901ರಲ್ಲಿ ರಾಣಿಯು ತೀರಿಕೊಂಡ ಮೇಲಿನ ವರ್ಷವನ್ನು ವಿ. ಆರ್. ಅಂಕಿತದ ಕೆಳಗೆ ಒತ್ತಿರುವುದು, ಇಂಗ್ಲಿಷಿನ 'ಎನ್' ಅಕ್ಷರವನ್ನು ತಿರುಗುಮುರುಗಾಗಿ ಬರೆದಿರುವುದು, ಇವು ಅವುಗಳ ಪ್ರಸಿದ್ಧ ಲಕ್ಷಣಗಳು. ಸಂಗ್ರಾಹಕರು ಇವನ್ನು ನಕಲಿಯೆಂದು ತಳ್ಳುವರು. ಓಲೆಗರಿಗಳನ್ನು ಬಲ್ಲವರಿಗೆ ಈ ತಪ್ಪುಗಳು ಪರಿಚಿತವಾದುವೇ. ಲಿಪಿಯನ್ನರಿಯದ ಕೈಯು ಮಾತೃಕೆಯನ್ನು ಶ್ರದ್ಧೆಯಿಂದ ಅನುಕರಿಸಿದಾಗ ಹುಟ್ಟುವ ಸ್ಖಾಲಿತ್ಯಗಳು ಇವು. ಎನ್‌ಫೀಲ್ಡಿನ ಕೃತಿಯೆಂದು ನೋಡಿದರೆ ಆ ರೈಫಲು ಸುಳ್ಳು. ದರ್ರಾದ ಕೃತಿಯೆಂದು ನೋಡಿದರೆ ನಿಜ.

ಮೂಲರೂಪವನ್ನು ಕಣ್ಣಾರೆ ಕಾಣಲು ಪೂರ್ಣಮಾದರಿಯೊಂದು ಬೇಡವೇ ಎಂಬ ಆಕ್ಷೇಪವು ಬರಬಹುದು. ಅದಕ್ಕಾಗಿಯೇ ಸರ್ಕಾರವು ಮುದ್ರೆಯೊತ್ತಿದ ಪ್ರಮಾಣಮಾದರಿಗಳನ್ನು ಎನ್‌ಫೀಲ್ಡಿನಲ್ಲಿ ಕಾಪಾಡುತ್ತಿತ್ತು. ಆ ಸಂಗ್ರಹವು ಈಗ ಲೀಡ್ಸ್ ನಗರದ ರಾಯಲ್ ಆರ್ಮರೀಸ್ ಸಂಸ್ಥೆಗೆ ಸೇರಿದೆ. ಮೂಲಪ್ರತಿಯೇ ಉಳಿದಿರುವ ಗ್ರಂಥಕ್ಕೆ ಊಹಾಪಾಠವನ್ನು ಕಟ್ಟುವ ಅಗತ್ಯವಿಲ್ಲ. ಇಷ್ಟೇ ಅಲ್ಲದೆ, ಅಮೆರಿಕದ 1968ರ ಬಂದೂಕು ನಿಯಂತ್ರಣ ಶಾಸನವು 1898ರಲ್ಲಿ ಅಥವಾ ಅದಕ್ಕೆ ಮುಂಚೆ ತಯಾರಾದುದನ್ನು ಪ್ರಾಚೀನವೆಂದು ಗಣಿಸುವುದರಿಂದ, ಅಲ್ಲಿ ವರ್ಷದ ಒಂದು ಅಂಕಿಗೆ ಬೆಲೆ ಬಂದಿದೆ. ಬೆಲೆಯು ಅಂಕಿಗೆ ಬಂದೆಡೆಯಲ್ಲಿ ಪ್ರಾಚೀನತೆಯ ಆಸೆಯನ್ನು ವಿಮರ್ಶೆಯು ಇಮ್ಮಡಿ ಎಚ್ಚರದಿಂದ ನೋಡಬೇಕಾಗುತ್ತದೆ.

ಬೇಟೆಗಾಗಿ ಮರವನ್ನು ಕತ್ತರಿಸಿದ ರೈಫಲನ್ನು ದುರಸ್ತಿ ಮಾಡಲೇಬಾರದೆಂದು ಇದರ ಅಭಿಪ್ರಾಯವಲ್ಲ. ತೆಗೆದ ಅಂಗವನ್ನು ಉಳಿಸಿಕೊಂಡು, ಸೇರಿಸಿದುದನ್ನು ಬರೆದಿಟ್ಟು, ಹಳೆಯ ಗುರುತುಗಳನ್ನು ಮುಟ್ಟದೆ ಬಿಟ್ಟರೆ ದುರಸ್ತಿಯೂ ಶಾಸ್ತ್ರೀಯವಾಗುತ್ತದೆ. ಸಂಗ್ರಾಹಕನು ವಸ್ತುವಿಗೆ ಒಡೆಯನಾಗಿರಬಹುದು. ಅದರ ಮೇಲೆ ಬರೆದಿರುವ ಚರಿತ್ರೆಗೆ ಅವನು ಕಾವಲುಗಾರನು ಮಾತ್ರ.